ಬಸಿರಲ್ಲಿ ಎಚ್‌ಐವಿ: ಮೊದಲ ಟೆಸ್ಟ್‌ನಿಂದ ಮಗುವಿನ ಕೊನೇ ರಿಪೋರ್ಟ್‌ವರೆಗೆ ಯಾವಾಗ ಏನು ಮಾಡ್ಬೇಕು, ಎಲ್ಲೆಲ್ಲಿ ತಪ್ಪುತ್ತೆ

ತಾಯಿಗೆ ಎಚ್‌ಐವಿ ಇದ್ದು ಚಿಕಿತ್ಸೆ ಏನೂ ಇಲ್ದೆ ಹೋದ್ರೆ ಬಸಿರು, ಹೆರಿಗೆ, ಎದೆಹಾಲು ಈ ಮೂರೂ ಸೇರಿ 100 ಮಕ್ಕಳಲ್ಲಿ 15ರಿಂದ 45 ಮಕ್ಕಳಿಗೆ ಸೋಂಕು ದಾಟುತ್ತೆ. ತಾಯಿಗೆ ಮಾತ್ರೆ, ಮಗುಗೆ ಸಿರಪ್ ಸರಿಯಾಗಿ ಹೋದ್ರೆ ಇದು 5ಕ್ಕಿಂತ ಕೆಳಗೆ ಬರುತ್ತೆ. ಸರ್ಕಾರಿ ಆಸ್ಪತ್ರೇಲಿ ಟೆಸ್ಟ್ ಫ್ರೀ, ಮಾತ್ರೆ ಫ್ರೀ, ಸಿರಪ್ಪೂ ಫ್ರೀ. ಹಾಗಿದ್ರೂ ಮಕ್ಕಳಿಗೆ ದಾಟ್ತಾನೇ ಇದೆ, ಯಾಕಂದ್ರೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗೋವಾಗ ಎಳೆ ಕಡಿದು ಹೋಗುತ್ತೆ: ಪಿಎಚ್‌ಸಿಯಿಂದ ಐಸಿಟಿಸಿಗೆ (ಎಚ್‌ಐವಿ ಟೆಸ್ಟ್ ಮಾಡಿ ಸಲಹೆ ಕೊಡೋ ಸರ್ಕಾರಿ ಕೇಂದ್ರ), ಐಸಿಟಿಸಿಯಿಂದ ಎಆರ್‌ಟಿ ಸೆಂಟರ್‌ಗೆ (ಎಚ್‌ಐವಿ ಮಾತ್ರೆ ಕೊಡೋ ಕೇಂದ್ರ), ಗಂಡನ ಮನೆಯಿಂದ ತವರಿಗೆ, ಹೆರಿಗೆ ವಾರ್ಡ್‌ನಿಂದ ಮನೆಗೆ. ಹೆಚ್ಚಿನವ್ರು ಎಡವೋದು ಈ ನಾಲ್ಕು ಜಾಗದಲ್ಲೇ, ಅದಕ್ಕೇ ಕ್ರಮವಾಗಿ ಬರೀತಾ ಇದೀನಿ.

ಇಲ್ಲಿ ಹೇಳಿರೋದು ನಮ್ಮ ದೇಶದ ನ್ಯಾಕೋ (ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ) ಪದ್ಧತಿ, ಕರ್ನಾಟಕದಲ್ಲಿ ನಡೆಯೋ ರೀತಿ. ನಿಮ್ಮ ಡಾಕ್ಟರ್ ನಿಮ್ಮ ರಿಪೋರ್ಟ್ ನೋಡಿ ಬೇರೆ ಹೇಳಿದ್ರೆ ಅವ್ರ ಮಾತೇ ಸರಿ.

ಮೊದಲು ಕೈಗೆ ಸಿಗೋ ಹಾಗೆ ಇಟ್ಕೋಬೇಕಾದ್ದು

ತಾಯಿ ಕಾರ್ಡ್, ಒಂದು ಗುರುತಿನ ಚೀಟಿ, ಯಾವಾಗ್ಲೂ ಆನ್ ಇರೋ ಒಂದು ಫೋನ್ ನಂಬರ್. ಚಿಕಿತ್ಸೆ ಶುರು ಆದ್ಮೇಲೆ ಎಆರ್‌ಟಿ ಸೆಂಟರ್‌ನವ್ರು ಕೊಡೋ ಹಸಿರು ಪುಸ್ತಕ. ಅದರಲ್ಲಿ ನಿಮ್ಮ ನಂಬರ್, ಯಾವ ಮಾತ್ರೆ, ಯಾವತ್ತಿಂದ, ಸಿಡಿ4 (ರೋಗ ತಡೆಯೋ ರಕ್ತಕಣಗಳ ಲೆಕ್ಕ), ವೈರಲ್ ಲೋಡ್ (ರಕ್ತದಲ್ಲಿ ಎಷ್ಟು ವೈರಸ್ ಇದೆ ಅನ್ನೋ ಲೆಕ್ಕ) ಎಲ್ಲಾ ಬರೆದಿರುತ್ತೆ. ಅದರ ಪ್ರತಿ ಪುಟದ ಫೋಟೋ ತೆಗೆದು ನಿಮ್ಮ ಫೋನಲ್ಲೇ ಲಾಕ್ ಹಾಕಿ ಇಡಿ, ಪುಸ್ತಕ ಮನೇಲೇ ಮರೆತು ಹೆರಿಗೆ ನೋವು ಅಂತ ಓಡಿದಾಗ ಆ ಫೋಟೋನೇ ಕೆಲಸಕ್ಕೆ ಬರೋದು. ಮಗು ಹುಟ್ಟೋ ಹೊತ್ತಿಗೆ ಸೂಜಿ ಇಲ್ಲದ 2 ಎಂಎಲ್ ಸಿರಿಂಜ್ ಒಂದೆರಡು ಬೇಕಾಗುತ್ತೆ.

ಇನ್ನೊಂದು, 1097. ಎಚ್‌ಐವಿ ಬಗ್ಗೆ ಕೇಳೋಕೆ ಅಂತ ಇರೋ ದೇಶದ ಟೋಲ್ ಫ್ರೀ ನಂಬರ್, ಕನ್ನಡದಲ್ಲೂ ಮಾತಾಡ್ತಾರೆ, ಹೆಸರು ಹೇಳಬೇಕಾಗಿಲ್ಲ. ಹತ್ರದ ಐಸಿಟಿಸಿ ಎಲ್ಲಿ, ಎಆರ್‌ಟಿ ಸೆಂಟರ್ ಎಲ್ಲಿ ಅಂತ ಕೇಳಿದ್ರೂ ಹೇಳ್ತಾರೆ.

1. ಮೊದಲ ಟೆಸ್ಟ್: ಮುಟ್ಟು ತಪ್ಪಿದ್ದು ಖಾತ್ರಿ ಆದ ಕೂಡ್ಲೆ

ತಾಯಿ ಕಾರ್ಡ್ ಮಾಡಿಸೋಕೆ ಹೋದ ದಿನಾನೇ ಎಚ್‌ಐವಿ, ಸಿಫಿಲಿಸ್ ಎರಡೂ ಟೆಸ್ಟ್ ಮಾಡಿಸಿ, ಮೂರು ತಿಂಗಳು ತುಂಬೋದ್ರೊಳಗೆ ಆದ್ರೆ ತುಂಬಾ ಒಳ್ಳೇದು. ಬೆರಳ ತುದಿ ಚುಚ್ಚಿ ಒಂದು ಹನಿ ರಕ್ತ ಕಿಟ್ ಮೇಲೆ ಹಾಕ್ತಾರೆ, ಅರ್ಧ ಗಂಟೆಯೊಳಗೆ ಗೊತ್ತಾಗುತ್ತೆ. ಒಂದೇ ಕಿಟ್‌ನಲ್ಲಿ ಎರಡೂ ನೋಡೋ ಡ್ಯುಯಲ್ ಕಿಟ್ ಕೂಡ ಇದೆ.

ಟೆಸ್ಟ್ ಮಾಡೋಕೆ ಮುಂಚೆ ನಿಮ್ಮನ್ನ ಕೇಳ್ಬೇಕು, ಯಾಕೆ ಅಂತ ಹೇಳ್ಬೇಕು. ಬೇಡ ಅನ್ನೋ ಹಕ್ಕೂ ನಿಮಗಿದೆ, ಆದ್ರೆ ದಯವಿಟ್ಟು ಬೇಡ ಅನ್ಬೇಡಿ. "ನಮ್ಮೆಜಮಾನ್ರು ಅಂಥವರಲ್ಲ" ಅನ್ನೋದು ಟೆಸ್ಟ್ ಬಿಡೋಕೆ ಕಾರಣ ಆಗಲ್ಲ, ಎಲ್ಲಾ ಬಸುರಿಯರಿಗೂ ಮಾಡೋ ಟೆಸ್ಟ್ ಇದು, ಯಾರ ಮೇಲೂ ಅನುಮಾನ ಪಟ್ಟು ಮಾಡೋದಲ್ಲ.

ಇಲ್ಲಿ ಆಗೋ ತಪ್ಪುಗಳು. ಮೊದಲ ಮಗು ಹೊತ್ತಾಗ ನೆಗೆಟಿವ್ ಇತ್ತು ಅಂತ ಈ ಸಲ ಬಿಡೋದು. ಪ್ರತಿ ಬಸಿರಿಗೂ ಹೊಸದಾಗಿ ಮಾಡಿಸ್ಬೇಕು. ಪ್ರೈವೇಟ್ ಕ್ಲಿನಿಕ್‌ನಲ್ಲಿ ತೋರಿಸ್ತಾ ಇರೋವ್ರು ಸ್ಕ್ಯಾನಿಂಗ್, ರಕ್ತ ಎಲ್ಲಾ ಆಯ್ತು ಅಂದ್ರೆ ಎಚ್‌ಐವೀನೂ ಆಗಿರುತ್ತೆ ಅಂದ್ಕೊಳ್ಳೋದು. ರಿಪೋರ್ಟ್ ಬಿಚ್ಚಿ ಆ ಹೆಸರಿದೆಯಾ ಅಂತ ಕಣ್ಣಾರೆ ನೋಡಿ. ಮೂರನೇದು ವಿಂಡೋ ಪೀರಿಯಡ್. ಸೋಂಕು ತಗುಲಿದ ಮೊದಲ ಕೆಲವು ವಾರ, ಕೆಲವ್ರಿಗೆ ಮೂರು ತಿಂಗಳವರೆಗೂ, ಟೆಸ್ಟ್‌ನಲ್ಲಿ ಗೊತ್ತಾಗಲ್ಲ. ಗಂಡನಿಗೆ ಪಾಸಿಟಿವ್ ಇದ್ರೆ, ಅವ್ರ ಟೆಸ್ಟೇ ಆಗಿಲ್ದೆ ಭಯ ಇದ್ರೆ, ಸಿಫಿಲಿಸ್ ಅಥವಾ ಬೇರೆ ಗುಪ್ತರೋಗ ಕಂಡ್ರೆ ಕೊನೇ ಮೂರು ತಿಂಗಳಲ್ಲಿ ಇನ್ನೊಂದು ಸಲ ಮಾಡಿಸಿ ಅಂತ ನೀವೇ ಬಾಯಿಬಿಟ್ಟು ಕೇಳಿ. ಬಸಿರಲ್ಲೋ ಹಾಲು ಕುಡಿಸೋವಾಗ್ಲೋ ಹೊಸದಾಗಿ ತಗುಲಿದ ಸೋಂಕಲ್ಲಿ ವೈರಸ್ ತುಂಬಾ ಜಾಸ್ತಿ ಇರುತ್ತೆ, ಮಗುಗೆ ದಾಟೋ ಅಪಾಯಾನೂ ಅಷ್ಟೇ ಜಾಸ್ತಿ.

ಸಿಫಿಲಿಸ್ ಪಾಸಿಟಿವ್ ಬಂದ್ರೆ ಪೆನಿಸಿಲಿನ್ ಇಂಜೆಕ್ಷನ್ ಇದೆ, ಹೆರಿಗೆಗೆ ಕನಿಷ್ಠ 30 ದಿನ ಮುಂಚೆ ಆಗಿರ್ಬೇಕು. ಎಚ್‌ಐವಿ ಗಾಬರೀಲಿ ಇದನ್ನ ಮರೀತಾರೆ.

2. ರಿಯಾಕ್ಟಿವ್ ಅಂದ್ರೆ ಇನ್ನೂ ಪಾಸಿಟಿವ್ ಅಲ್ಲ: ಐಸಿಟಿಸಿಗೆ ಹೋಗಿ

ಸಬ್ ಸೆಂಟರ್‌ನಲ್ಲೋ ಪಿಎಚ್‌ಸಿಲೋ ಒಂದು ಕಿಟ್‌ನಲ್ಲಿ ಗೆರೆ ಮೂಡಿದ್ರೆ ಅದು ಬರೀ ಸ್ಕ್ರೀನಿಂಗ್. ತಾಲೂಕು ಆಸ್ಪತ್ರೆ ಅಥವಾ ಜಿಲ್ಲಾಸ್ಪತ್ರೆಯ ಐಸಿಟಿಸಿಯಲ್ಲಿ ರಕ್ತ ತೆಗೆದು ಬೇರೆ ಬೇರೆ ಥರದ ಮೂರು ಕಿಟ್‌ನಲ್ಲಿ ನೋಡ್ತಾರೆ, ಮೂರರಲ್ಲೂ ಬಂದ್ರೆ ಮಾತ್ರ ಪಾಸಿಟಿವ್ ಅಂತ ರಿಪೋರ್ಟ್ ಕೊಡೋದು. ಒಂದರಲ್ಲಿ ಬಂದು ಇನ್ನೊಂದರಲ್ಲಿ ಬರ್ದೆ ಗೊಂದಲ ಆದ್ರೆ ಎರಡು ವಾರ ಬಿಟ್ಟು ಮತ್ತೆ ಬನ್ನಿ ಅಂತಾರೆ, ಆ ಎರಡು ವಾರ ಕಳೆದ ಮೇಲೆ ನೀವು ಹೋಗ್ಲೇಬೇಕು.

ಎಳೆ ಕಡಿಯೋ ಮೊದಲ ಜಾಗ ಇದು. ಆಶಾ ಅಥವಾ ಎಎನ್‌ಎಂ "ನಾಳೆ ತಾಲೂಕು ಆಸ್ಪತ್ರೆಗೆ ಹೋಗ್ಬೇಕಮ್ಮ" ಅಂತಾರೆ, ಯಾಕೆ ಅಂತ ಬಿಡಿಸಿ ಹೇಳಿರಲ್ಲ, ಮನೇಲಿ ಅತ್ತೆ ಕೇಳಿದ್ರೆ ಏನು ಹೇಳೋದು ಗೊತ್ತಾಗಲ್ಲ, ಹೊಲದ ಕೆಲಸ, ಒಂದು ವಾರ, ಎರಡು ವಾರ, ಕೊನೆಗೆ ಐದನೇ ತಿಂಗಳು ಬಂದಿರುತ್ತೆ. ಆಶಾ ಅಕ್ಕಂದಿರಿಗೆ ನನ್ನ ವಿನಂತಿ ಏನಂದ್ರೆ ಬರೀ ಚೀಟಿ ಬರೆದು ಕೊಡ್ಬೇಡಿ, ಜೊತೇಲಿ ಹೋಗಿ, ಆಗ್ದೇ ಇದ್ರೆ ಐಸಿಟಿಸಿ ಕೌನ್ಸೆಲರ್‌ಗೆ ಫೋನ್ ಮಾಡಿ "ಇವತ್ತು ಒಬ್ರು ಬರ್ತಾರೆ" ಅಂತ ಹೇಳಿ, ಸಂಜೆ ಬಂದ್ರಾ ಅಂತ ಕೇಳಿ. ಮನೆಯವ್ರಿಗೆ ಹೇಳೋಕೆ "ರಕ್ತ ಇನ್ನೊಂದು ಸಲ ಚೆಕ್ ಮಾಡಿಸ್ಬೇಕಂತೆ" ಅನ್ನೋ ಮಾತು ಸಾಕು, ಸುಳ್ಳೂ ಅಲ್ಲ.

ಪ್ರೈವೇಟ್ ಲ್ಯಾಬ್‌ನ ರಿಪೋರ್ಟ್ ಪಾಸಿಟಿವ್ ಇದ್ರೂ ಐಸಿಟಿಸಿಯಲ್ಲಿ ಮತ್ತೆ ಮಾಡಿಸ್ಬೇಕು, ಫ್ರೀ ಮಾತ್ರೆಗೆ ದಾರಿ ಅಲ್ಲಿಂದಾನೇ ಶುರು. ರಿಪೋರ್ಟ್‌ನಲ್ಲಿ ಎಚ್‌ಐವಿ-1 ಅಂತಿದೆಯಾ ಎಚ್‌ಐವಿ-2 ಅಂತಿದೆಯಾ ನೋಡ್ಕೊಳ್ಳಿ. ಎರಡನೇದು ಅಪರೂಪ, ಆದ್ರೆ ಇದ್ರೆ ಮಗುವಿನ ಸಿರಪ್ ಬದಲಾಗುತ್ತೆ, ಯಾಕಂದ್ರೆ ಮಗುಗೆ ಸಾಮಾನ್ಯವಾಗಿ ಕೊಡೋ ನೆವಿರಾಪಿನ್ ಸಿರಪ್ ಎಚ್‌ಐವಿ-2 ಮೇಲೆ ಕೆಲಸ ಮಾಡಲ್ಲ.

3. ಎಆರ್‌ಟಿ ಸೆಂಟರ್: ಅದೇ ದಿನ ಆದ್ರೆ ಅದೇ ದಿನ, ಇಲ್ಲಾಂದ್ರೆ ಅದೇ ವಾರ

ಪಾಸಿಟಿವ್ ಅಂತ ಖಾತ್ರಿ ಆದ್ಮೇಲೆ ಸಿಡಿ4 ಎಷ್ಟೇ ಇರ್ಲಿ, ಎಷ್ಟನೇ ತಿಂಗಳೇ ಆಗಿರ್ಲಿ, ಮಾತ್ರೆ ಶುರು ಮಾಡ್ಬೇಕು, ಜೀವನ ಪೂರ್ತಿ ತಗೋಬೇಕು. 2014ರಿಂದ ದೇಶದಲ್ಲಿ ಎಲ್ಲಾ ಬಸುರಿಯರಿಗೂ ಇದೇ ನಿಯಮ. ಹೆರಿಗೆ ಆದ್ಮೇಲೆ ನಿಲ್ಲಿಸೋ ಹಳೇ ಪದ್ಧತಿ ಈಗಿಲ್ಲ, ಯಾರಾದ್ರೂ ಹಾಗೆ ಹೇಳಿದ್ರೆ ನಂಬ್ಬೇಡಿ.

ಸೆಂಟರ್‌ನಲ್ಲಿ ಸಿಡಿ4, ಹಿಮೋಗ್ಲೋಬಿನ್, ಕಿಡ್ನಿಗೆ ಕ್ರಿಯಾಟಿನಿನ್, ಲಿವರ್, ಹೆಪಟೈಟಿಸ್ ಬಿ ಮತ್ತು ಸಿ ನೋಡ್ತಾರೆ. ಕೆಮ್ಮು, ಜ್ವರ, ತೂಕ ಇಳಿಯೋದು, ರಾತ್ರಿ ಬೆವರೋದು ಇದೆಯಾ ಅಂತ ಕೇಳ್ತಾರೆ, ಅದು ಟಿಬಿ ಇದೆಯಾ ತಿಳ್ಕೊಳ್ಳೋಕೆ, ಮುಚ್ಚಿಡ್ಬೇಡಿ. ಟಿಬಿ ಮಾತ್ರೆ ತಗೋತಾ ಇದ್ರೆ ಅದರಲ್ಲಿರೋ ರಿಫಾಂಪಿಸಿನ್‌ನಿಂದಾಗಿ ಡೊಲುಟೆಗ್ರಾವಿರ್ (ಎಚ್‌ಐವಿ ಮಾತ್ರೇಲಿರೋ ಒಂದು ಔಷಧಿ) ದಿನಕ್ಕೆ ಎರಡು ಸಲ ಬೇಕಾಗುತ್ತೆ. ಸಿಡಿ4 350ಕ್ಕಿಂತ ಕಡಿಮೆ ಇದ್ರೆ ಬೇರೆ ಸೋಂಕು ಬರ್ದೇ ಇರೋಕೆ ಕೊಟ್ರೈಮೊಕ್ಸಜೋಲ್ ಮಾತ್ರೇನೂ ಸೇರಿಸ್ತಾರೆ. ಈ ರಿಪೋರ್ಟ್‌ಗಳಿಗೆ ಕಾಯ್ತಾ ಬಸುರಿಗೆ ಮಾತ್ರೆ ತಡ ಮಾಡೋ ಹಾಗಿಲ್ಲ. "ಸಿಡಿ4 ಬರ್ಲಿ, ಆಮೇಲೆ ನೋಡೋಣ" ಅಂದ್ರೆ ನಾನು ಬಸುರಿ, ಇಷ್ಟನೇ ತಿಂಗಳು ಅಂತ ಇನ್ನೊಂದು ಸಲ ಹೇಳಿ.

ದೂರದ ಊರಿಂದ ಬರೋವ್ರಿಗೆ ಬಸ್ ಚಾರ್ಜೇ ದೊಡ್ಡ ತೊಡಕು. 2023ರ ಜೂನ್‌ನಿಂದ ಶಕ್ತಿ ಯೋಜನೇಲಿ ಕರ್ನಾಟಕದ ಹೆಂಗಸರಿಗೆ ರಾಜ್ಯದೊಳಗೆ ಸಾಮಾನ್ಯ ಸರ್ಕಾರಿ ಬಸ್ ಫ್ರೀ ಇದೆ, ಗುರುತಿನ ಚೀಟಿ ಮರೀಬೇಡಿ. ಶುರು ಆಗಿ ಎಲ್ಲಾ ಸರಿ ಇದೆ ಅಂತಾದ್ರೆ ಹತ್ರದ ಲಿಂಕ್ ಎಆರ್‌ಟಿ ಸೆಂಟರ್‌ನಿಂದ ಮಾತ್ರೆ ತಗೊಳ್ಳೋಕೆ ಆಗುತ್ತಾ ಅಂತ ಕೇಳಿ.

4. ದಿನಾ ಒಂದು ಮಾತ್ರೆ, ಆದ್ರೆ ಕಬ್ಬಿಣ ಕ್ಯಾಲ್ಸಿಯಂ ಜೊತೆ ಬೇಡ

ಈಗ ಕೊಡೋದು ಟಿಎಲ್‌ಡಿ: ಟೆನೊಫೊವಿರ್ 300, ಲ್ಯಾಮಿವುಡಿನ್ 300, ಡೊಲುಟೆಗ್ರಾವಿರ್ 50 ಮಿಲಿಗ್ರಾಂ, ಮೂರೂ ಸೇರಿ ಒಂದೇ ಮಾತ್ರೆ, ದಿನಕ್ಕೆ ಒಂದು.

ಯಾರೂ ಸರಿಯಾಗಿ ಹೇಳ್ದೆ ಬಿಡೋ ವಿಷಯ ಇಲ್ಲಿದೆ. ಬಸುರಿಗೆ ನಾಲ್ಕನೇ ತಿಂಗಳಿಂದ ಕೆಂಪು ಕಬ್ಬಿಣದ ಮಾತ್ರೆ, ಜೊತೆಗೆ ಕ್ಯಾಲ್ಸಿಯಂ ಮಾತ್ರೆ ಎರಡು ಹೊತ್ತು ಕೊಡ್ತಾರೆ. ಬರೀ ಹೊಟ್ಟೇಲಿ ಇವನ್ನೂ ಟಿಎಲ್‌ಡಿನೂ ಒಟ್ಟಿಗೆ ನುಂಗಿದ್ರೆ ಡೊಲುಟೆಗ್ರಾವಿರ್ ಆ ಕಬ್ಬಿಣ ಕ್ಯಾಲ್ಸಿಯಂಗೆ ಅಂಟ್ಕೊಂಡು ರಕ್ತಕ್ಕೆ ಸರಿಯಾಗಿ ಸೇರಲ್ಲ. ಒಂದು ದಿನವೂ ತಪ್ಪಿಸ್ದೆ ಮಾತ್ರೆ ತಗೊಂಡಿರ್ತಾರೆ, ಆದ್ರೂ ವೈರಸ್ ಇಳಿದಿರಲ್ಲ, "ನೀನು ಮಾತ್ರೆ ನುಂಗ್ತಿಲ್ಲ" ಅಂತ ಬೈಗುಳ ಬೇರೆ. ನಿಯಮ ಇಷ್ಟೇ: ಟಿಎಲ್‌ಡಿ ತಗೊಂಡು ಕನಿಷ್ಠ 2 ಗಂಟೆ ಆದ್ಮೇಲೆ ಕಬ್ಬಿಣ ಕ್ಯಾಲ್ಸಿಯಂ, ಅಥವಾ ಅವನ್ನ ತಗೊಂಡು 6 ಗಂಟೆ ಆದ್ಮೇಲೆ ಟಿಎಲ್‌ಡಿ.

ಮನೆ ಕೆಲಸಕ್ಕೆ ಹೊಂದೋ ಹಾಗೆ ಎರಡು ಟೈಮ್ ಟೇಬಲ್ ಕೊಡ್ತೀನಿ, ಯಾವ್ದು ಅನುಕೂಲವೋ ಅದನ್ನ ಹಿಡಿರಿ.

ಬೆಳಗಿನ ಲೆಕ್ಕ: 6.30ಕ್ಕೆ ಟಿಎಲ್‌ಡಿ, 9ಕ್ಕೆ ತಿಂಡಿ ಆದ್ಮೇಲೆ ಕ್ಯಾಲ್ಸಿಯಂ, ಮಧ್ಯಾಹ್ನ 2ಕ್ಕೆ ಊಟ ಆದ್ಮೇಲೆ ಇನ್ನೊಂದು ಕ್ಯಾಲ್ಸಿಯಂ, ರಾತ್ರಿ 9ಕ್ಕೆ ಕಬ್ಬಿಣ.

ಬೆಳಿಗ್ಗೆ ವಾಂತಿ ಜಾಸ್ತಿ ಇರೋವ್ರಿಗೆ: 9ಕ್ಕೆ ತಿಂಡಿ ಜೊತೆ ಕ್ಯಾಲ್ಸಿಯಂ, 11.30ಕ್ಕೆ ಕಬ್ಬಿಣ, 2ಕ್ಕೆ ಊಟದ ಜೊತೆ ಕ್ಯಾಲ್ಸಿಯಂ, ರಾತ್ರಿ 9ಕ್ಕೆ ಟಿಎಲ್‌ಡಿ.

ಇಷ್ಟೂ ಆಗಲ್ಲ ಅನ್ನೋವ್ರು ಹೊಟ್ಟೆ ತುಂಬಾ ಊಟ ಮಾಡ್ತಾ ಟಿಎಲ್‌ಡಿ ಜೊತೆ ಕಬ್ಬಿಣನೋ ಕ್ಯಾಲ್ಸಿಯಮ್ಮೋ ತಗೊಂಡ್ರೂ ನಡೆಯುತ್ತೆ. ಆದ್ರೆ ಎದೆಯುರಿಗೆ ಕುಡಿಯೋ ಆಂಟಾಸಿಡ್ ಸಿರಪ್‌ಗೆ ಈ ರಿಯಾಯ್ತಿ ಇಲ್ಲ, ಅದಕ್ಕೆ 2 ಗಂಟೆ 6 ಗಂಟೆ ಲೆಕ್ಕಾನೇ. ಯಾವ ಕಾರಣಕ್ಕೂ ಕಬ್ಬಿಣದ ಮಾತ್ರೇನ ಬಿಟ್ಟೇಬಿಡ್ಬೇಡಿ, ರಕ್ತ ಕಡಿಮೆ ಇದ್ರೆ ಹೆರಿಗೇಲಿ ಅದೂ ಪ್ರಾಣಕ್ಕೆ ಬರುತ್ತೆ.

ಮರೆತ್ರೆ ನೆನಪಾದ ತಕ್ಷಣ ತಗೊಳ್ಳಿ, ಮಾರನೇ ದಿನ ಎರಡು ಸೇರಿಸಿ ನುಂಗ್ಬೇಡಿ. ನುಂಗಿದ ಸ್ವಲ್ಪ ಹೊತ್ತಲ್ಲೇ ವಾಂತಿ ಆಗಿ ಮಾತ್ರೆ ಹೊರಗೆ ಬಂದ್ರೆ ಸೆಂಟರ್‌ಗೆ ಫೋನ್ ಮಾಡಿ ಕೇಳಿ. ಶುಗರ್‌ಗೆ ಮೆಟ್‌ಫಾರ್ಮಿನ್ ಅಥವಾ ಫಿಟ್ಸ್ ಮಾತ್ರೆ ತಗೋತಾ ಇದ್ರೆ ಮೊದಲ ದಿನಾನೇ ಹೇಳಿ, ಇವಕ್ಕೂ ಡೊಲುಟೆಗ್ರಾವಿರ್‌ಗೂ ಹೊಂದಾಣಿಕೆ ನೋಡ್ಬೇಕಾಗುತ್ತೆ. ನಾಟಿ ಔಷಧಿ, ಲೇಹ್ಯ, ಪುಡಿ ಏನಿದ್ರೂ ಹೇಳಿ.

ಡಬ್ಬಿ ವಿಷಯ. ಅತ್ತೆ, ನಾದಿನಿ ನೋಡ್ತಾರೆ ಅಂತ ಎಷ್ಟೋ ಹೆಣ್ಮಕ್ಕಳು ಲೇಬಲ್ ಕಿತ್ತು, ಗಲಗಲ ಸದ್ದು ಬರ್ದೇ ಇರ್ಲಿ ಅಂತ ಹತ್ತಿ ತುರುಕಿ ಅಕ್ಕಿ ಡಬ್ಬದ ಹಿಂದೆ ಇಡ್ತಾರೆ. ಅವ್ರ ಕಷ್ಟ ಅರ್ಥ ಆಗುತ್ತೆ. ಆದ್ರೆ ಡಬ್ಬೀಲಿರೋ ತೇವ ಹೀರೋ ಪುಟ್ಟ ಚೀಲ ಎಸೀಬೇಡಿ, ಎಲ್ಲಾ ಮಾತ್ರೇನ ಕಾಗದದಲ್ಲಿ ಸುತ್ತಿ ಇಡ್ಬೇಡಿ. ಒಂದು ವಾರಕ್ಕೆ ಆಗೋವಷ್ಟು ಮಾತ್ರ ಒಣಗಿರೋ ಪುಟ್ಟ ಡಬ್ಬಿಗೆ ಹಾಕ್ಕೊಂಡು ಉಳಿದಿದ್ದು ಅದರ ಡಬ್ಬೀಲೇ ಮುಚ್ಚಿಡಿ.

ಇಂಟರ್ನೆಟ್‌ನಲ್ಲಿ "ಡೊಲುಟೆಗ್ರಾವಿರ್‌ನಿಂದ ಮಗುವಿಗೆ ಬೆನ್ನುಹುರಿ ತೊಂದರೆ" ಅಂತ ಓದಿ ಮಾತ್ರೆ ಬಿಟ್ಟವ್ರಿದ್ದಾರೆ. 2018ರಲ್ಲಿ ಬೋಟ್ಸ್‌ವಾನಾದ ಒಂದು ಅಧ್ಯಯನದಿಂದ ಆ ಆತಂಕ ಹುಟ್ಟಿದ್ದು ನಿಜ, ಆಮೇಲೆ ಇನ್ನೂ ಹೆಚ್ಚು ಹೆರಿಗೆಗಳ ಲೆಕ್ಕ ಸೇರಿದ ಮೇಲೆ ಆ ವ್ಯತ್ಯಾಸ ಉಳೀಲಿಲ್ಲ, 2019ರಲ್ಲೇ ವಿಶ್ವ ಆರೋಗ್ಯ ಸಂಸ್ಥೆ ಬಸುರಿಯರಿಗೂ ಇದನ್ನೇ ಮೊದಲ ಆಯ್ಕೆ ಅಂತ ಹೇಳ್ತು. ಮಾತ್ರೆ ಬಿಟ್ರೆ ಮಗುಗೆ ಆಗೋ ಅಪಾಯನೇ ದೊಡ್ಡದು.

ತಡ ಮಾಡ್ದೆ ಆಸ್ಪತ್ರೆಗೆ ಓಡ್ಬೇಕಾದ ಲಕ್ಷಣ: ಮೈ ತುಂಬಾ ಗಂಧೆ ಎದ್ದು ಬಾಯಿ ಕಣ್ಣಲ್ಲೂ ಹುಣ್ಣು, ಕಣ್ಣು ಹಳದಿ, ಮೂತ್ರ ತೀರಾ ಕಡಿಮೆ, ನಿಲ್ಲದ ವಾಂತಿ, ಉಸಿರಾಟಕ್ಕೆ ಕಷ್ಟ, ಮಾತ್ರೆ ಶುರು ಆದ್ಮೇಲೆ ಹೊಸದಾಗಿ ಜ್ವರ ಕೆಮ್ಮು ಅಥವಾ ಗಂಟು. ಇವೆಲ್ಲಾ ಮಾತ್ರೆಯಿಂದಲೇ ಅಂತಲ್ಲ, ರಕ್ತದೊತ್ತಡ ಏರಿದ್ರೂ ಟಿಬಿ ಇದ್ರೂ ಹೀಗಾಗುತ್ತೆ. ತಲೆನೋವು, ನಿದ್ದೆ ಬರ್ದೇ ಇರೋದು ಮೊದಲ ಕೆಲವು ವಾರ ಇರ್ಬಹುದು. ನಿದ್ದೆ ಕೆಟ್ರೆ ಮಾತ್ರೇನ ಬೆಳಿಗ್ಗೆಗೆ ಬದಲಾಯಿಸಿ.

5. ಗಂಡನ ಟೆಸ್ಟ್

ಹೆಂಡತಿ ಪಾಸಿಟಿವ್ ಅಂದ್ರೆ ಗಂಡನೂ ಪಾಸಿಟಿವ್ ಅಂತ ಲೆಕ್ಕ ಹಾಕ್ಬೇಡಿ, ಅವಳಿಂದಲೇ ಬಂತು ಅಂತಾನೂ ಹೇಳ್ಬೇಡಿ. ಯಾರಿಗೆ ಮೊದಲು ಗೊತ್ತಾಯ್ತೋ ಅವ್ರಿಂದ ಬಂತು ಅಂತೇನಿಲ್ಲ, ಬಸುರಿಗೆ ಟೆಸ್ಟ್ ಮಾಡ್ತಾರೆ ಅದಕ್ಕೆ ಅವಳದ್ದು ಮೊದಲು ಗೊತ್ತಾಗುತ್ತೆ, ಅಷ್ಟೇ. ಮೊದಲ ಮಕ್ಕಳಿದ್ರೆ ಅವ್ರಿಗೂ ಟೆಸ್ಟ್ ಮಾಡಿಸಿ. ಬಸಿರಿದೆ, ಇನ್ಯಾಕೆ ಅಂತ ನಿರೋಧ್ ಬಿಡ್ಬೇಡಿ.

ಗಂಡನಿಗೆ ಹೇಳೋಕೆ ಭಯ, ಹೊಡೀತಾನೆ, ಮನೆಯಿಂದ ಹಾಕ್ತಾನೆ ಅನ್ನೋ ಪರಿಸ್ಥಿತಿ ಇದ್ರೆ ಕೌನ್ಸೆಲರ್‌ಗೆ ಅದನ್ನ ಮೊದಲು ಹೇಳಿ, ಅವ್ರು ಇಬ್ರನ್ನೂ ಕೂರಿಸಿ ಹೇಳೋ ದಾರಿ ಹುಡುಕ್ತಾರೆ. ಹೇಳೋವರೆಗೂ ಮಾತ್ರೆ ಶುರು ಮಾಡಲ್ಲ ಅಂತ ಕೂರ್ಬೇಡಿ.

6. 32ನೇ ವಾರ: ವೈರಲ್ ಲೋಡ್, ಮತ್ತೆ ತವರಿಗೆ ಹೊರಡೋ ಹೊತ್ತು

ನನ್ನ ಪ್ರಕಾರ ಅತಿ ಹೆಚ್ಚು ತಪ್ಪೋದು ಇಲ್ಲೇ. 32ರಿಂದ 36 ವಾರದೊಳಗೆ ವೈರಲ್ ಲೋಡ್ ಟೆಸ್ಟ್ ಆಗ್ಬೇಕು, ಮಾತ್ರೆ ಶುರು ಮಾಡಿ ಎರಡೇ ತಿಂಗಳಾಗಿದ್ರೂ ಸರಿ, ಹತ್ತು ವರ್ಷ ಆಗಿದ್ರೂ ಸರಿ. ಮಗುಗೆ ಒಂದು ಸಿರಪ್ಪಾ ಎರಡಾ ಅಂತ ನಿರ್ಧಾರ ಆಗೋದು ಈ ರಿಪೋರ್ಟ್ ಮೇಲೆ. 1000ಕ್ಕಿಂತ ಕಡಿಮೆ ಬಂದ್ರೆ ಹತೋಟೀಲಿದೆ. 1000 ಅಥವಾ ಜಾಸ್ತಿ ಇದ್ರೆ ಮಾತ್ರೆ ಎಲ್ಲಿ ತಪ್ತಿದೆ, ಕಬ್ಬಿಣದ ಜೊತೆ ಸೇರ್ತಿದೆಯಾ ಅಂತ ನೋಡ್ಬೇಕು, ಮಗುವನ್ನ ಹೈ ರಿಸ್ಕ್ ಅಂತ ಬರ್ಕೋತಾರೆ.

ಆದ್ರೆ ನಮ್ಮಲ್ಲಿ ಏಳನೇ ತಿಂಗಳಿಗೋ ಒಂಬತ್ತಕ್ಕೋ ಸೀಮಂತ, ಉತ್ತರ ಕರ್ನಾಟಕದ ಕಡೆ ಕುಬುಸ, ಮುಗಿದ ಕೂಡ್ಲೆ ಮಗಳನ್ನ ತವರಿಗೆ ಕರ್ಕೊಂಡು ಹೋಗ್ತಾರೆ. ಸರಿಯಾಗಿ ವೈರಲ್ ಲೋಡ್ ಮಾಡಿಸ್ಬೇಕಾದ ವಾರಗಳಲ್ಲೇ ಅವಳು ಊರಲ್ಲಿರಲ್ಲ. ಫೈಲ್ ಗಂಡನ ಊರಿನ ಸೆಂಟರ್‌ನಲ್ಲಿ, ಹೆಂಗಸು ಬೇರೆ ಜಿಲ್ಲೇಲಿ, ಮಾತ್ರೆ ಒಂದು ತಿಂಗಳದ್ದು ಮಾತ್ರ ಕೈಲಿ.

ಹಾಗಾಗಿ ಕುಬುಸದ ದಿನ ಗೊತ್ತಾದ ಕೂಡ್ಲೆ ಇಷ್ಟು ಮಾಡಿ. ಎಆರ್‌ಟಿ ಸೆಂಟರ್‌ನಲ್ಲಿ ಯಾವ ಊರಿಗೆ ಹೋಗ್ತೀರಿ, ಎಷ್ಟು ತಿಂಗಳು, ಹೆರಿಗೆ ಎಲ್ಲಿ ಅಂತ ಹೇಳಿ, ಆ ಊರಿನ ಸೆಂಟರ್ ಹೆಸರು, ಫೋನ್ ನಂಬರ್ ಬರೆಸ್ಕೊಳ್ಳಿ. ಹೆರಿಗೆ ಆಗಿ ಬಾಣಂತನ ಮುಗಿಯೋವರೆಗೆ ಸಾಕಾಗೋವಷ್ಟು ಮಾತ್ರೆ ಕೊಡೋಕಾಗುತ್ತಾ ಕೇಳಿ, ಇಲ್ಲಾಂದ್ರೆ ತಾತ್ಕಾಲಿಕವಾಗಿ ಅಲ್ಲಿಂದ ತಗೊಳ್ಳೋ ವ್ಯವಸ್ಥೆ ಮಾಡಿಸ್ಕೊಳ್ಳಿ. ಹೊರಡೋಕೆ ಮುಂಚೆ 32 ವಾರ ತುಂಬಿದ್ರೆ ರಕ್ತ ಕೊಟ್ಟೇ ಹೋಗಿ. ತುಂಬಿಲ್ಲ ಅಂದ್ರೆ ಯಾವ ತಾರೀಖಿಗೆ, ಯಾವ ಸೆಂಟರ್‌ನಲ್ಲಿ ಕೊಡ್ಬೇಕು ಅಂತ ಹಸಿರು ಪುಸ್ತಕದಲ್ಲೇ ಬರೆಸಿ. ರಿಪೋರ್ಟ್ ಬರೋಕೆ ದಿನ ಹಿಡಿಯುತ್ತೆ, ಅದನ್ನ ಯಾರು ಫೋನ್ ಮಾಡಿ ಹೇಳ್ತಾರೆ ಅನ್ನೋದೂ ಈಗ್ಲೇ ಗೊತ್ತಾಗ್ಲಿ.

ಬೆಳಗಾವಿ ಕಡೆಯವ್ರ ತವರು ಕೊಲ್ಹಾಪುರ, ಸಾಂಗ್ಲಿ ಇರುತ್ತೆ, ರಾಯಚೂರಿನವ್ರದ್ದು ತೆಲಂಗಾಣದಲ್ಲಿ. ರಾಜ್ಯ ಬದಲಾದ್ರೂ ಕಾರ್ಯಕ್ರಮ ದೇಶಕ್ಕೆಲ್ಲಾ ಒಂದೇ, ಮಾತ್ರೇನೂ ಅದೇ, ಹಸಿರು ಪುಸ್ತಕ ತೋರಿಸಿ. ಬೇರೆ ರಾಜ್ಯದವಳು ಅಂತ ಮಾತ್ರೆ ಇಲ್ದೆ ವಾಪಸ್ ಬರ್ಬೇಡಿ.

7. ಹೆರಿಗೆ

ಆಸ್ಪತ್ರೇಲೇ ಆಗ್ಬೇಕು, ಮನೇಲಿ ಬೇಡ. ಎಚ್‌ಐವಿ ಇದೆ ಅನ್ನೋ ಒಂದೇ ಕಾರಣಕ್ಕೆ ಸಿಸೇರಿಯನ್ ಬೇಕಿಲ್ಲ, ನಾರ್ಮಲ್ ಹೆರಿಗೆ ಆಗ್ಬಹುದು, ಬೇರೆ ಹೆರಿಗೆ ತೊಂದರೆ ಇದ್ರೆ ಮಾತ್ರ ಆಪರೇಷನ್. ನೋವು ಬಂದಿದೆ ಅಂತ ಆ ದಿನದ ಟಿಎಲ್‌ಡಿ ಬಿಡ್ಬೇಡಿ, ಟೈಮ್‌ಗೆ ನುಂಗಿ. ಸುಮ್ನೆ ನೀರ್ಚೀಲ ಒಡೆಯೋದು, ಕತ್ತರಿಸಿ ಹೊಲಿಗೆ ಹಾಕೋದು ಅಗತ್ಯ ಇಲ್ದೆ ಮಾಡ್ಬಾರ್ದು ಅಂತ ಇದೆ, ಅದಕ್ಕೇ ನೋಡ್ಕೊಳ್ಳೋ ಡಾಕ್ಟರ್‌ಗೆ ವಿಷಯ ಗೊತ್ತಿರೋದು ಒಳ್ಳೇದು.

ಬಸಿರಲ್ಲಿ ಒಂದು ಸಲವೂ ಟೆಸ್ಟ್ ಆಗ್ದೆ ನೇರ ಹೆರಿಗೆ ನೋವಲ್ಲಿ ಬಂದವ್ರಿಗೆ ಅಲ್ಲೇ ಬೆರಳು ಚುಚ್ಚಿ ನೋಡ್ತಾರೆ. ರಿಯಾಕ್ಟಿವ್ ಬಂದ್ರೆ ಖಾತ್ರಿ ರಿಪೋರ್ಟ್‌ಗೆ ಕಾಯ್ದೆ ಟಿಎಲ್‌ಡಿ ಶುರು ಮಾಡ್ಬೇಕು, ಮೂರು ಕಿಟ್‌ನ ಟೆಸ್ಟ್ ಆಮೇಲೆ.

ಒಂದು ಮಾತು ಗಟ್ಟಿಯಾಗಿ ಹೇಳ್ಬೇಕು. ಎಚ್‌ಐವಿ ಇದೆ ಅಂತ ಹೆರಿಗೆ ಮಾಡ್ದೆ ಬೇರೆ ಕಡೆ ಕಳಿಸೋದು, ಮಂಚಕ್ಕೆ ಬೋರ್ಡ್ ತೂಗು ಹಾಕೋದು, ಬಾಗಿಲಲ್ಲಿ ನಿಂತು ಎಲ್ಲರ ಮುಂದೆ ಕಿರುಚೋದು ತಪ್ಪು, ಬರೀ ಮಾನವೀಯತೆ ದೃಷ್ಟಿಯಿಂದ ಅಲ್ಲ, ಕಾನೂನಿನ ಪ್ರಕಾರಾನೇ ತಪ್ಪು. 2017ರ ಎಚ್‌ಐವಿ ಏಡ್ಸ್ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರೀಲಿದೆ, ಸರ್ಕಾರಿ ಪ್ರೈವೇಟ್ ಎರಡಕ್ಕೂ ಅನ್ವಯ. ಹಾಗಾದ್ರೆ ಯಾರು, ಯಾವ ಹೊತ್ತಲ್ಲಿ, ಏನಂದ್ರು ಅಂತ ಬರೆದಿಟ್ಕೊಳ್ಳಿ, ಹೆರಿಗೆ ಆಗೋದು ಮೊದಲು ನೋಡಿ, ಆಮೇಲೆ ಜಿಲ್ಲೆಯ ಏಡ್ಸ್ ನಿಯಂತ್ರಣ ಘಟಕಕ್ಕೆ ದೂರು ಕೊಡಿ. ಈ ಕಾಯ್ದೆ ಪ್ರಕಾರ ದೂರು ಕೇಳೋಕೆ ಅಂತ ಓಂಬುಡ್ಸ್‌ಮನ್ ಕೂಡ ಇರ್ತಾರೆ.

8. ಮಗುವಿನ ಸಿರಪ್: ಮನೆಗೆ ಹೊರಡೋಕೆ ಮುಂಚೆ ಕೈಗೆ ಬಂದಿರ್ಬೇಕು

ಹುಟ್ಟಿದ ಮೊದಲ ಕೆಲವು ಗಂಟೇಲೇ ಶುರು ಆಗ್ಬೇಕು. ತಾಯಿ ವೈರಲ್ ಲೋಡ್ ಹತೋಟೀಲಿದ್ರೆ ಒಂದೇ ಸಿರಪ್, ಸಾಮಾನ್ಯವಾಗಿ ನೆವಿರಾಪಿನ್, 6 ವಾರ. ತಾಯಿ ಮಾತ್ರೇನೇ ತಗೊಂಡಿಲ್ಲ, 32 ವಾರದ ನಂತರ ವೈರಲ್ ಲೋಡ್ ಮಾಡಿಸಿಲ್ಲ, ಅಥವಾ 1000ಕ್ಕಿಂತ ಇಳಿದಿಲ್ಲ, ಅಥವಾ ಹೆರಿಗೆ ಆಸುಪಾಸಲ್ಲೇ ಪಾಸಿಟಿವ್ ಅಂತ ಗೊತ್ತಾಯ್ತು ಅಂದ್ರೆ ಮಗು ಹೈ ರಿಸ್ಕ್: ನೆವಿರಾಪಿನ್, ಜಿಡೊವುಡಿನ್ ಎರಡೂ, ಎದೆಹಾಲು ಕುಡಿಯೋ ಮಗುಗೆ 12 ವಾರ, ಡಬ್ಬಿ ಹಾಲಷ್ಟೇ ಕುಡಿಯೋ ಮಗುಗೆ 6 ವಾರ.

ಪ್ರಮಾಣ ಹುಟ್ಟಿದ ತೂಕದ ಮೇಲೆ. ಎರಡೂವರೆ ಕೆಜಿಗಿಂತ ಜಾಸ್ತಿ ಇದ್ರೆ ನೆವಿರಾಪಿನ್ ದಿನಕ್ಕೆ ಒಂದು ಸಲ 1.5 ಎಂಎಲ್, ಎರಡರಿಂದ ಎರಡೂವರೆ ಇದ್ರೆ 1 ಎಂಎಲ್, ಎರಡಕ್ಕಿಂತ ಕಡಿಮೆ ಇದ್ರೆ ಡಾಕ್ಟರ್ ತೂಕಕ್ಕೆ ಲೆಕ್ಕ ಹಾಕಿ ಹೇಳ್ತಾರೆ. ಜಿಡೊವುಡಿನ್ ದಿನಕ್ಕೆ ಎರಡು ಸಲ. ಚಮಚದಲ್ಲಿ, ಮುಚ್ಚಳದಲ್ಲಿ ಅಂದಾಜು ಮಾಡ್ಬೇಡಿ. ಸಿರಿಂಜ್‌ನಲ್ಲಿ ಗುರುತಿನವರೆಗೆ ಎಳೆದು, ಮಗುವಿನ ತಲೆ ಸ್ವಲ್ಪ ಎತ್ತಿ, ಕೆನ್ನೆ ಒಳಭಾಗಕ್ಕೆ ಮೆಲ್ಲಗೆ ಬಿಡಿ. ನೇರ ಗಂಟಲಿಗೆ ಹಾಕಿದ್ರೆ ನೆತ್ತಿಗೆ ಹತ್ತುತ್ತೆ. ಆ ಗುರುತಿನ ಮೇಲೆ ಉಗುರು ಬಣ್ಣದಲ್ಲಿ ಒಂದು ಗೆರೆ ಎಳೆದಿಟ್ರೆ ಓದು ಬರ್ದ ಅಜ್ಜಿನೂ ಸರಿಯಾಗಿ ಹಾಕ್ತಾಳೆ.

ಡಿಸ್ಚಾರ್ಜ್ ಗಡಿಬಿಡೀಲಿ ಸಿರಪ್ ಮರೆತು ಹೋಗೋದು, ಒಂದು ಬಾಟಲಿ ಖಾಲಿ ಆದ್ಮೇಲೆ ಮುಗೀತು ಅಂದ್ಕೊಳ್ಳೋದು ತುಂಬಾ ಸಾಮಾನ್ಯ. ಮೈಮೇಲೆ ಗುಳ್ಳೆ, ಕಣ್ಣು ಹಳದಿ, ಮಗು ತೀರಾ ಬಿಳಿಚಿಕೊಳ್ಳೋದು, ಹಾಲು ಕುಡೀದೇ ಸೋತು ಮಲಗೋದು ಕಂಡ್ರೆ ತಕ್ಷಣ ತೋರಿಸಿ. ಬಿಸಿಜಿ, ಪೋಲಿಯೋ, 24 ಗಂಟೆಯೊಳಗೆ ಹೆಪಟೈಟಿಸ್ ಬಿ ಲಸಿಕೆ ಎಲ್ಲಾ ಮಕ್ಕಳ ಹಾಗೇ.

9. ಹಾಲು: ಎದೆಹಾಲು ಅಂದ್ರೆ ಬರೀ ಎದೆಹಾಲು

ತಾಯಿ ಮಾತ್ರೆ ಸರಿಯಾಗಿ ತಗೋತಾ ಇದ್ರೆ ಎದೆಹಾಲು ಕೊಡ್ಬಹುದು. ಮೊದಲ 6 ತಿಂಗಳು ಬೇರೆ ಏನೂ ಬಾಯಿಗೆ ಹೋಗ್ಬಾರ್ದು, ನೀರೂ ಸೇರಿ. ಎದೆಹಾಲು ಜೊತೆ ಬೇರೇದೂ ಕೊಟ್ರೆ ಎಳೇ ಕರುಳಿಗೆ ಪೆಟ್ಟಾಗಿ ವೈರಸ್ ಒಳಗೆ ಹೋಗೋ ದಾರಿ ಸುಲಭ ಆಗುತ್ತೆ. ಡಬ್ಬಿ ಹಾಲೇ ಕೊಡೋದಾದ್ರೆ ಬರೀ ಅದೇ, ಶುದ್ಧ ನೀರು, ಸಾಕಷ್ಟು ದುಡ್ಡು, ಪ್ರತಿ ಸಲ ಕುದಿಸೋ ವ್ಯವಸ್ಥೆ ಇದ್ರೆ ಮಾತ್ರ.

ನಮ್ಮ ಬಾಣಂತನದಲ್ಲಿ ಇದು ಸುಲಭ ಅಲ್ಲ ಅಂತ ಗೊತ್ತು. ಜೇನು ನೆಕ್ಕಿಸೋದು, ಸಕ್ಕರೆ ನೀರು, ಬಜೆ ತೇಯ್ದು ನಾಲಿಗೆಗೆ ಹಚ್ಚೋದು, ಗುಟ್ಟಿ, ಗ್ರೈಪ್ ವಾಟರ್, ಬೀದೀಲಿ ಕತ್ತೆ ಹೊಡ್ಕೊಂಡು ಬಂದವ್ರ ಹತ್ರ ಒಂದು ಒಳಲೆ ಕತ್ತೆ ಹಾಲು, ಇದೆಲ್ಲಾ ಅಜ್ಜಿಯಂದಿರು ಪ್ರೀತಿಯಿಂದಲೇ ಮಾಡೋದು. ಅಜ್ಜಿ ಜೊತೆ ಜಗಳ ಮಾಡಿದ್ರೆ ನೀವು ಮಲಗಿದಾಗ ಕೊಡ್ತಾರೆ, ಅದಕ್ಕೇ ಹೆರಿಗೆಗೆ ಮುಂಚೆನೇ ಆಶಾ ಅಥವಾ ನರ್ಸ್ ಬಾಯಲ್ಲಿ "ಡಾಕ್ಟರ್ 6 ತಿಂಗಳು ಏನೂ ಬೇಡ ಅಂದಿದ್ದಾರೆ" ಅಂತ ಹೇಳಿಸಿ, ಎಲ್ಲಾ ಮಕ್ಕಳಿಗೂ ಇರೋ ನಿಯಮವೇ ಇದು, ಎಚ್‌ಐವಿ ಮಾತೇ ಎತ್ತಬೇಕಾಗಿಲ್ಲ.

ಮೊಲೆ ತೊಟ್ಟು ಒಡೆದು ರಕ್ತ ಬಂದ್ರೆ, ಬಾವು ಬಂದ್ರೆ ಆ ಕಡೆ ಕುಡಿಸ್ಬೇಡಿ, ಹಿಂಡಿ ಚೆಲ್ಲಿ, ಇನ್ನೊಂದು ಕಡೆ ಕೊಡಿ, ತೋರಿಸಿ. 6 ತಿಂಗಳ ಮೇಲೆ ರಾಗಿ ಸರಿ, ಬೇಳೆ ಕಟ್ಟು ಶುರು ಮಾಡಿ, ಹಾಲು ಕನಿಷ್ಠ ಒಂದು ವರ್ಷದವರೆಗೆ ಇರ್ಲಿ. ಬಿಡಿಸೋವಾಗ ಒಂದೇ ದಿನಕ್ಕೆ ಬಿಡಿಸ್ಬೇಡಿ, ಒಂದು ತಿಂಗಳಲ್ಲಿ ನಿಧಾನಕ್ಕೆ.

10. ಮಗುವಿನ ಟೆಸ್ಟ್: 6 ವಾರ, 6 ತಿಂಗಳು, 12 ತಿಂಗಳು, 18 ತಿಂಗಳು

6ನೇ ವಾರಕ್ಕೆ ಪೆಂಟಾ ಲಸಿಕೆಗೆ ಹೋಗೋ ದಿನಾನೇ ಡಿಬಿಎಸ್ ಕೂಡ ಮಾಡಿಸಿ. ಹಿಮ್ಮಡಿ ಚುಚ್ಚಿ, ದಪ್ಪ ಕಾಗದದ ಮೇಲಿರೋ ವೃತ್ತಗಳಿಗೆ ಒಂದೊಂದು ಹನಿ ರಕ್ತ ಬೀಳಿಸಿ, ಒಣಗಿಸಿ ಲ್ಯಾಬ್‌ಗೆ ಕಳಿಸ್ತಾರೆ. ಇದು ವೈರಸ್ಸನ್ನೇ ಹುಡುಕೋ ಟೆಸ್ಟ್. ಈ ಹೊತ್ತಲ್ಲೂ ನೀವು ತವರಲ್ಲೇ ಇರ್ತೀರಿ, ಹಾಗಾಗಿ ಲಸಿಕೆ ಮಾತ್ರ ಆಗಿ ಡಿಬಿಎಸ್ ಬಿಟ್ಟು ಹೋಗುತ್ತೆ. ಅಲ್ಲಿನ ಐಸಿಟಿಸಿಗೆ ನೀವೇ ಹೋಗಿ ಕೇಳಿ.

ಅದೇ 6ನೇ ವಾರದಿಂದ ಮಗುಗೆ ಕೊಟ್ರೈಮೊಕ್ಸಜೋಲ್ ಸಿರಪ್ ಶುರು. ಒಂದು ಸಿರಪ್ ನಿಲ್ಲೋದು ಇನ್ನೊಂದು ಶುರು ಆಗೋದು ಒಂದೇ ಹೊತ್ತಿಗೆ ಬರೋದ್ರಿಂದ ಎರಡನ್ನೂ ನಿಲ್ಲಿಸಿಬಿಡೋವ್ರಿದ್ದಾರೆ, ಬಾಟಲಿ ಮೇಲೆ ಶುರು ತಾರೀಖು, ನಿಲ್ಲಿಸೋ ತಾರೀಖು ಬರೆಸ್ಕೊಳ್ಳಿ.

ನೆಗೆಟಿವ್ ಬಂದ್ರೆ 6 ತಿಂಗಳಿಗೆ, 12 ತಿಂಗಳಿಗೆ ಮತ್ತೆ, ಯಾಕಂದ್ರೆ ಹಾಲು ಕುಡಿಯೋವರೆಗೂ ದಾಟೋ ಸಾಧ್ಯತೆ ಇದ್ದೇ ಇರುತ್ತೆ. ಪಾಸಿಟಿವ್ ಬಂದ್ರೆ ಖಾತ್ರಿಗೆ ಇನ್ನೊಂದು ಸ್ಯಾಂಪಲ್ ತೆಗೀತಾರೆ, ಅದರ ರಿಪೋರ್ಟ್‌ಗೆ ಕಾಯ್ದೇ ಮಗುಗೆ ಚಿಕಿತ್ಸೆ ಶುರು ಮಾಡ್ತಾರೆ. ಎಳೇ ಮಕ್ಕಳಲ್ಲಿ ಈ ರೋಗ ಬೇಗ ಏರುತ್ತೆ, ಒಂದು ವಾರವೂ ಮುಂದಕ್ಕೆ ಹಾಕ್ಬೇಡಿ.

ಒಂಬತ್ತನೇ ತಿಂಗಳಲ್ಲಿ ಆತಂಕಕ್ಕೆ ಪ್ರೈವೇಟ್ ಲ್ಯಾಬ್‌ನಲ್ಲಿ ಸಾಮಾನ್ಯ ಎಚ್‌ಐವಿ ಟೆಸ್ಟ್ ಮಾಡಿಸಿ ಪಾಸಿಟಿವ್ ನೋಡಿ ಕುಸಿದು ಹೋಗೋವ್ರಿದ್ದಾರೆ. ಆ ಟೆಸ್ಟ್ ನೋಡೋದು ವೈರಸ್ಸನ್ನಲ್ಲ, ಅದರ ವಿರುದ್ಧ ಮೈ ತಯಾರಿಸೋ ಆಂಟಿಬಾಡೀನ, ತಾಯಿಯಿಂದ ಬಂದ ಆಂಟಿಬಾಡಿ ಮಗುವಿನ ರಕ್ತದಲ್ಲಿ 18 ತಿಂಗಳವರೆಗೂ ಇರ್ಬಹುದು, ಅದರಿಂದ ಮಗುಗೆ ಸೋಂಕಿದೆ ಅಂತ ಹೇಳೋಕಾಗಲ್ಲ. ಕೊನೇ ತೀರ್ಮಾನ 18 ತಿಂಗಳ ಟೆಸ್ಟ್‌ನಲ್ಲಿ. ಆಗ್ಲೂ ಹಾಲು ಕುಡೀತಿದ್ರೆ ಬಿಡಿಸಿದ ಮೇಲೆ ಯಾವಾಗ ಬರ್ಬೇಕು ಅಂತ ಕೇಳ್ಕೊಂಡು ಇನ್ನೊಂದು ಸಲ ಮಾಡಿಸಿ.

ಮಗು ನೆಗೆಟಿವ್ ಅಂತ ಕೊನೇ ರಿಪೋರ್ಟ್ ಬಂದ್ಮೇಲೆ ಎಷ್ಟೋ ತಾಯಂದಿರು ತಮ್ಮ ಮಾತ್ರೆ ಬಿಡ್ತಾರೆ, ಇನ್ನು ನನಗೇನಾದ್ರೂ ಆಗ್ಲಿ ಅಂತ. ಬಿಡ್ಬೇಡಿ, ಆ ಮಗುಗೆ ತಾಯಿ ಬೇಕು. ವರ್ಷಕ್ಕೊಂದು ವೈರಲ್ ಲೋಡ್ ತಪ್ಪಿಸ್ಬೇಡಿ, ಇನ್ನೊಂದು ಮಗು ಬೇಕು ಅನ್ನಿಸಿದ್ರೆ ಕಾಪರ್-ಟಿ ತೆಗೆಸೋಕೆ ಮುಂಚೆ, ನಿರೋಧ್ ಬಿಡೋಕೆ ಮುಂಚೆ ಎಆರ್‌ಟಿ ಡಾಕ್ಟರ್‌ಗೆ ಹೇಳಿ, ವೈರಲ್ ಲೋಡ್ ನೋಡ್ಕೊಂಡೇ ಮುಂದುವರೀರಿ.